ನಂಜನಗೂಡಿನ ಮೀನಿನ ಸಾರಿಗೂ ಕಡಲಿಗೂ ಏನು ನಂಟು?

ನಂಜನಗೂಡು, ತಿ. ನರಸೀಪುರದಂಥ ಊರುಗಳಲ್ಲಿ ಸೇವಾ ಸಂಸ್ಥೆಯೊಂದರ ಮಾಸಿಕ ಸಭೆಗೆ "ಸುಸ್ಥಿರ ಮೀನುಗಾರಿಕೆ" ಎಂಬ ಉಪನ್ಯಾಸ ಇಟ್ಟರೆ, ಅದು ಮಂಗಳೂರು, ಮಲ್ಪೆಯವರ ಚಿಂತೆಯಲ್ಲವೇ ಎಂದು ಸದಸ್ಯರು ಕೇಳಿಯಾರು. ಪ್ರಶ್ನೆ ಸಹಜವೇ. ಆದರೆ ಈ ಎರಡೂ ಊರುಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766 ಹೊರಡುವುದೇ ಕಡಲ ದಂಡೆಯ ಕೋಯಿಕ್ಕೋಡಿನಿಂದ. ಮೈಸೂರು ಸೀಮೆಗೆ ಮಂಗಳೂರಿನಿಂದಲೂ ಕೇರಳದಿಂದಲೂ ಮೀನು ಬರುತ್ತದೆ. ಒಳನಾಡಿನ ಗಿರಾಕಿ ಏನು ಕೇಳುತ್ತಾನೋ ಅದನ್ನು ಕಡಲಿನಿಂದ ಎತ್ತಲಾಗುತ್ತದೆ.

ಸುಸ್ಥಿರ ಎಂಬ ಪದ ದೊಡ್ಡದು, ಅರ್ಥ ಸರಳ. ಮೀನು ಒಮ್ಮೆಯಾದರೂ ಮೊಟ್ಟೆಯಿಟ್ಟ ಮೇಲೆ ಹಿಡಿಯಬೇಕು. ಮರಿ ಬೆಳೆಯಲು ಬಿಡಬೇಕು. ಇದನ್ನು ಮರೆತರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಬೂತಾಯಿಯೇ ಸಾಕ್ಷಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್ ಮಾತ್ರ. ಎಲ್ಲ ತಪ್ಪೂ ಬಲೆಯದ್ದೇ ಎನ್ನುವಂತಿಲ್ಲ. ಕಡಲ ನೀರಿನ ಬಿಸಿ ಏರುಪೇರಾದಾಗ ಬೂತಾಯಿ ಕುಗ್ಗುವುದು ಹಿಂದಿನಿಂದಲೂ ಇದೆ. ಆದರೆ ಹಾಗೆ ಕುಗ್ಗಿದ ಹೊತ್ತಿನಲ್ಲೇ ಮರಿಗಳನ್ನೂ ಬಾಚಿ ಮೀನುಹುಡಿ ಕಾರ್ಖಾನೆಗೆ ಕಳುಹಿಸಿದರೆ ಚೇತರಿಸಿಕೊಳ್ಳುವುದಾದರೂ ಹೇಗೆ?

ಕೇರಳ ಸರಕಾರ ಇದಕ್ಕಾಗಿ ಹಿಡಿಯಬಹುದಾದ ಕನಿಷ್ಠ ಗಾತ್ರವನ್ನೇ ಗೊತ್ತುಮಾಡಿತು: ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಅಳತೆಪಟ್ಟಿ ಹಿಡಿದು ಯಾರೂ ಮಾರುಕಟ್ಟೆಗೆ ಹೋಗುವುದಿಲ್ಲ, ನಿಜ. ಆದರೆ ಬಂಗುಡೆ ನಮ್ಮ ಅಂಗೈಗಿಂತ ಚಿಕ್ಕದಿದ್ದರೆ ಅದು ಇನ್ನೂ ಮರಿ ಎಂದು ಕಣ್ಣಳತೆಗೇ ತಿಳಿಯುತ್ತದೆ. ಅಂಜಲ್ ವಿಷಯದಲ್ಲಿ ಮೋಸಹೋಗುವುದು ಹೆಚ್ಚು. ಎರಡಡಿಗೂ ಮೀರಿ ಬೆಳೆದ ಮೇಲೆಯೇ ಅದು ಮೊಟ್ಟೆಯಿಡುವುದು. ಹಬ್ಬದೂಟಕ್ಕೆಂದು "ಸಣ್ಣ ಅಂಜಲ್, ರುಚಿ ಜಾಸ್ತಿ" ಎಂದು ತರುವುದು ಬಹುಪಾಲು ಮೊಟ್ಟೆಯಿಡದ ಮೀನು.

ಇನ್ನು ಕಾಲದ ಮಾತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಪೂರ್ವ ಕರಾವಳಿಯಲ್ಲಿ ಈ ರಜೆ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಆದ್ದರಿಂದ ಮಳೆಗಾಲದಲ್ಲಿ ಒಳನಾಡಿನ ಅಂಗಡಿಯಲ್ಲಿ ಕಾಣುವ ಕಡಲ ಮೀನು ಒಂದೋ ನಾಡದೋಣಿಯದ್ದು, ಒಂದೋ ಪೂರ್ವದ ಕಡೆಯದ್ದು, ಇಲ್ಲವೇ ಶೀತಗೃಹದ ಹಳೆಯ ದಾಸ್ತಾನು. ಎಲ್ಲಿಂದ ಬಂತು ಎಂದು ಕೇಳುವುದರಲ್ಲಿ ತಪ್ಪಿಲ್ಲ. ಮಾರುವವರೂ ಬೇಸರಿಸದೆ ಹೇಳುತ್ತಾರೆ.

ಅದಿರಲಿ, ಈ ಎರಡು ಊರುಗಳಿಗೆ ತಮ್ಮದೇ ನದಿಯಿದೆ. ನಂಜನಗೂಡಿನ ಪಕ್ಕದಲ್ಲಿ ಹರಿಯುವ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಕಪಿಲೆ, ಅಂದರೆ ಕಬಿನಿಯಲ್ಲಿ, 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ ಅವರ ಗಾಳಕ್ಕೆ 120 ಪೌಂಡ್ ತೂಕದ ಮಹಶೀರ್ ಬಿದ್ದಿತ್ತು. ಕಿಲೋ ಲೆಕ್ಕದಲ್ಲಿ ಸುಮಾರು 54! ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ, ಬೆನ್ನು ಗೂನಾದ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. ಅದರ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅತ್ಯಂತ ಅಪಾಯದ ಸಾಲಿಗೆ ಸೇರಿತು.

ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಹಾಕಿ ಮೀನು ಹಿಡಿಯುವ ಕೆಟ್ಟ ಚಾಳಿ, ಇವು ಕಾರಣಗಳೆಂದು ಎಲ್ಲರೂ ಬಲ್ಲರು. ಸೇವಾ ಸಂಸ್ಥೆಗಳು ಗಮನಿಸಬೇಕಾದ ಕಾರಣ ಬೇರೊಂದಿದೆ. 1970ರ ದಶಕದಿಂದ ಬೇರೆ ನದಿಗಳ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಸಾಕಿ ಕಾವೇರಿಗೆ ಬಿಡಲಾಯಿತು. ಉದ್ದೇಶ ಒಳ್ಳೆಯದೇ, ನದಿಯಲ್ಲಿ ಮೀನು ಹೆಚ್ಚಲಿ ಎಂದು. ಹೊಸ ಮೀನು ಹೆಚ್ಚಿತು. ಊರಿನ ಮೀನು ಕಾಣೆಯಾಗುತ್ತ ಬಂತು.

ಆದುದರಿಂದ ವರ್ಷಕ್ಕೊಮ್ಮೆ ಅತಿಥಿಗಳನ್ನು ಕರೆದು, ಫೋಟೋ ತೆಗೆಸಿ, ನದಿಗೆ ಮೀನುಮರಿ ಬಿಡುವ ಕಾರ್ಯಕ್ರಮವಿದ್ದರೆ ಮೊದಲು ವಿಚಾರಿಸುವುದು ಲೇಸು. ಕಾಟ್ಲಾ, ರೋಹು ಗಂಗಾ ಬಯಲಿನ ಮೀನುಗಳು, ಜಿಲೇಬಿ ಆಫ್ರಿಕಾದ್ದು. ಸಾಕುವುದೇ ನಿಷಿದ್ಧವಾಗಿರುವ ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ಸಿಕ್ಕಿದ್ದನ್ನೆಲ್ಲ ನುಂಗುವಂಥದ್ದು. ಕಾಟ್ಲಾ, ರೋಹು ಮರಿಗಳಿಗೆ ಸರಿಯಾದ ಜಾಗ ಕೆರೆ ಮತ್ತು ಕೃಷಿಹೊಂಡ. ಅಲ್ಲಿ ಬೆಳೆದ ಮೀನನ್ನು ಮುದ್ದೆಯ ಜತೆ ಸಾರು ಮಾಡಿ ಉಂಡರೆ ನದಿಗೂ ಕಡಲಿಗೂ ಭಾರವಿಲ್ಲ. ರೈತನಿಗೆ ನಾಲ್ಕು ಕಾಸು ಸಿಗುತ್ತದೆ.

ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಟ್ಟು ಮೀನು ತರುವ ಮನೆಗಳಿಗೂ, ಧರ್ಮಕೇಂದ್ರದ ಹಬ್ಬಕ್ಕೆ ಒಟ್ಟಿಗೆ ಮೀನು ಹೇಳುವ ಸಮಿತಿಗೂ ಇದು ಅನ್ವಯಿಸುತ್ತದೆ. ಕ್ವಿಂಟಾಲ್ ಲೆಕ್ಕದಲ್ಲಿ ಕೊಳ್ಳುವವರು "ಮರಿ ಮೀನು ಬೇಡ" ಎಂದು ಮುಂಗಡ ಕೊಡುವಾಗಲೇ ಹೇಳಿದರೆ ವ್ಯಾಪಾರಿ ಕೇಳಿಯೇ ಕೇಳುತ್ತಾನೆ. ಮೀನುಮರಿ ಯಾವುದು, ಎಲ್ಲಿ ಬಿಡಬಹುದು ಎಂಬುದನ್ನು ಆಯಾ ತಾಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಬಹುದು.