ಹೈದರಾಬಾದಿನಲ್ಲಿ ನೀಲಿ ಜೆರ್ಸಿ ಕಳಚಿಟ್ಟ ಕೃಷ್ಣಮೃಗ

ಮೊನ್ನೆ ರಾತ್ರಿ ‘ತಿಮಿರು’ ನೋಡುತ್ತಿದ್ದೆ. 2006ರ ತಮಿಳು ಚಿತ್ರ. ಹೈದರಾಬಾದಿನವರು ತೆಲುಗಿನಲ್ಲಿ ‘ಪೊಗರು’ ಅಂತ ನೋಡಿದ್ದು ಇದನ್ನೇ. ಖಳನಾಯಕಿ ಶ್ರೇಯಾ ರೆಡ್ಡಿ ಅಬ್ಬರಿಸುತ್ತಿದ್ದರೆ, ನನ್ನ ಕಣ್ಣು ಹೋಗಿದ್ದು ಅವಳ ಪಾಳಯದ ಒಬ್ಬ ಆಳಿನ ಮೇಲೆ. ಕಪ್ಪು ಮೈಬಣ್ಣ, ಕದಲದ ನೋಟ. ಈ ಮುಖ ಎಲ್ಲೋ ನೋಡಿದ್ದೇನಲ್ಲ! ಹೊಳೆದದ್ದೇ ತಡ, ಕೂತಲ್ಲಿಂದ ಎದ್ದುಬಿಟ್ಟೆ. ಐ.ಎಂ. ವಿಜಯನ್! ನಮ್ಮ ಫುಟ್‌ಬಾಲ್ ವಿಜಯನ್!

ಆಮೇಲೆ ನಿದ್ದೆ ಎಲ್ಲಿ ಬರಬೇಕು? ಹಳೆಯದನ್ನೆಲ್ಲ ಕೆದಕುತ್ತಾ ಕೂತೆ. ಕೆದಕಿದಷ್ಟೂ ಬೆರಗು.

2003ರ ಅಕ್ಟೋಬರ್. ಹೈದರಾಬಾದಿನಲ್ಲಿ ಆಫ್ರೋ-ಏಷ್ಯನ್ ಕ್ರೀಡಾಕೂಟ. ಜಕಾರ್ತಾದಲ್ಲಿ 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಭಾರತ ಫುಟ್‌ಬಾಲ್ ತಂಡದ ಗುರು ರಹೀಂ ಸಾಹೇಬರ ಊರು ಅದು. ಆ ಊರಲ್ಲಿ 34ರ ವಿಜಯನ್ ನಾಲ್ಕು ಗೋಲು ಹೊಡೆದು ಕೂಟದ ಅಗ್ರ ಸ್ಕೋರರ್ ಆದರು! ಭಾರತ ಫೈನಲ್ ತಲುಪಿತು. ಉಜ್ಬೇಕಿಸ್ತಾನದೆದುರು ಒಂದೇ ಒಂದು ಗೋಲಿನಿಂದ ಸೋತು ಬೆಳ್ಳಿ ತಂದಿತು. ಅಲ್ಲಿಗೆ ವಿಜಯನ್ ದೇಶದ ಜೆರ್ಸಿ ಕಳಚಿಟ್ಟರು.

ನಾನು ಅಂದುಕೊಂಡಿದ್ದೆ, ಆಟ ಮುಗಿದ ಮೇಲೆ ಸಿನಿಮಾ ಹಿಡಿದರೇನೋ ಅಂತ. ಇಲ್ಲ! ಅಷ್ಟು ಹೊತ್ತಿಗಾಗಲೇ ಅವರು ನಟರಾಗಿದ್ದರು. ಜಯರಾಜ್ ತಮ್ಮ ‘ಶಾಂತಂ’ ಮಲಯಾಳಂ ಚಿತ್ರದ ಮುಖ್ಯ ಪಾತ್ರಕ್ಕೆ ಆರಿಸಿದ್ದು, ಇನ್ನೂ ಬೂಟು ಬಿಚ್ಚದ ಈ ಆಟಗಾರನನ್ನು. ಜೊತೆಗೆ ನಟಿಸಿದವರು ಕೆಪಿಎಸಿ ಲಲಿತಾ, ಸೀಮಾ ಬಿಸ್ವಾಸ್! ರಾಜಕೀಯ ಕೊಲೆಯ ನೋವನ್ನು ತೆರೆದಿಟ್ಟ ಆ ಚಿತ್ರಕ್ಕೆ 2000ದ ಸಾಲಿನ ಅತ್ಯುತ್ತಮ ಚಲನಚಿತ್ರ ರಾಷ್ಟ್ರ ಪ್ರಶಸ್ತಿ ಬಂತು.

ಯಾರಿವರು? ತ್ರಿಶೂರಿನ ಸ್ಟೇಡಿಯಂನಲ್ಲಿ ಸೋಡಾ ಮಾರುತ್ತಿದ್ದ ಹುಡುಗ. ಒಂದು ಬಾಟಲಿ ಮಾರಿದರೆ ಕೈಗೆ 10 ಪೈಸೆ. ಸೋಡಾ ಕೊಡುತ್ತಾ ಒಂದು ಕಣ್ಣು ಗಿರಾಕಿಯ ಮೇಲೆ, ಇನ್ನೊಂದು ಮೈದಾನದ ಮೇಲೆ. ಅದೇ ತ್ರಿಶೂರಿನಲ್ಲಿ 1990ರಲ್ಲಿ ಕೇರಳ ಪೊಲೀಸ್ ತಂಡ ಫೆಡರೇಷನ್ ಕಪ್ ಎತ್ತಿದಾಗ ಆ ಹುಡುಗ ತಂಡದ ಕಣ್ಮಣಿ. 1999ರಲ್ಲಿ ಭೂತಾನ್ ವಿರುದ್ಧ 12ನೇ ಸೆಕೆಂಡಿಗೇ ಗೋಲು! ಕೋಲ್ಕತ್ತದ ಜನ ‘ಕಾಲೋ ಹರಿಣ್’ ಅಂದರು, ಕೃಷ್ಣಮೃಗ.

ಬೆಳಗಿನ ಜಾವದ ಹೊತ್ತಿಗೆ, ಆಟಗಾರ ನಟನಾದದ್ದರ ಗುಟ್ಟು ಸಿಕ್ಕಿತು ಅನ್ನಿಸಿತು. ಡಾಡ್ಜ್ ಹೊಡೆಯುವವನನ್ನು ಹತ್ತಿರದಿಂದ ನೋಡಿದ್ದೀರಾ? ಭುಜ ಎಡಕ್ಕೆ ವಾಲುತ್ತದೆ, ಕಣ್ಣೂ ಎಡಕ್ಕೇ ಹೊರಳುತ್ತದೆ. ಡಿಫೆಂಡರ್ ನಂಬುತ್ತಾನೆ. ಚೆಂಡು ಬಲಕ್ಕೆ ಹೋಗಿರುತ್ತದೆ! ಎದುರಿಗಿದ್ದವನನ್ನು ಬರೀ ಮೈಯಿಂದ ನಂಬಿಸುವುದು ಅಭಿನಯವಲ್ಲದೆ ಇನ್ನೇನು? ಈ ವಿದ್ಯೆಯನ್ನು ಅವರು ಹದಿನೈದಿಪ್ಪತ್ತು ವರ್ಷ ತುಂಬಿದ ಸ್ಟೇಡಿಯಂಗಳ ಮುಂದೆ ದಿನವೂ ತಿದ್ದಿದ್ದರು!

2019ರಲ್ಲಿ ‘ಬಿಗಿಲ್’ ಬಂತು, ತೆಲುಗಿನಲ್ಲಿ ‘ವಿಸಿಲ್’. ಫುಟ್‌ಬಾಲ್ ಕಥೆಯ ಆ ಚಿತ್ರದಲ್ಲೂ ವಿಜಯನ್ ಇದ್ದರು. 2025ರಲ್ಲಿ ಪದ್ಮಶ್ರೀಯೂ ಬಂತು.

‘ತಿಮಿರು’ವನ್ನು ಇನ್ನೊಮ್ಮೆ ಹಾಕಿದೆ. ಈ ಸಲ ಮುಖ ಬಿಟ್ಟು ಅವರ ಭುಜವನ್ನೇ ನೋಡುತ್ತಾ ಕೂತೆ, ಯಾವ ಕಡೆ ವಾಲೀತು ಅಂತ.