ಆಲೂಗಡ್ಡೆ ಕೊಳೆತ ನಾಡು, ಹಗೇವು ಬರಿದಾದ ನಾಡು

ಅಗೆದು ತೆಗೆದಾಗ ಗಟ್ಟಿಯಾಗಿಯೇ ಇದ್ದ ಆಲೂಗಡ್ಡೆ ನಾಲ್ಕು ದಿನ ಕಳೆಯುವುದರೊಳಗೆ ಕಪ್ಪಾಗಿ, ಲೋಳೆಯಾಗಿ, ಮೂಗು ಮುಚ್ಚಿಕೊಳ್ಳುವಷ್ಟು ನಾರತೊಡಗಿತು. ಹಾಸನದ ರೈತರು ಇಂದಿಗೂ ಹೆದರುವ ಅಂಗಮಾರಿ ರೋಗ 1845ರಲ್ಲಿ ಐರ್ಲೆಂಡಿನ ಹೊಲಗಳಿಗೆ ಇಳಿದಿತ್ತು. ಆಲೂಗಡ್ಡೆಯನ್ನೇ ನಂಬಿ ಬದುಕಿದ್ದ ಬಡವರಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ, ಅಥವಾ ಇನ್ನೂ ಹೆಚ್ಚು ಮಂದಿ ಹಡಗು ಹತ್ತಿದರು. ಹೊರಡುವ ಹಿಂದಿನ ರಾತ್ರಿ ಬಂಧುಗಳು ಸೇರಿ, ಸತ್ತವರಿಗಾಗಿ ಅಳುವಂತೆ ಅತ್ತು ಕಳಿಸುತ್ತಿದ್ದರು. 1841ರಲ್ಲಿ ಆ ದ್ವೀಪದಲ್ಲಿ 82 ಲಕ್ಷ ಜನರಿದ್ದರು. ಇಂದಿಗೂ ಅಲ್ಲಿ ಅಷ್ಟು ಜನರಿಲ್ಲ.

ಈ ಕಥೆಯನ್ನು ಐರಿಷ್ ಪ್ರಸಾರ ಸಂಸ್ಥೆ ಆರ್‌ಟಿಇ 2020ರಲ್ಲಿ 'ದಿ ಹಂಗರ್' ಎಂಬ ಸಾಕ್ಷ್ಯಚಿತ್ರವಾಗಿ ತೋರಿಸಿತು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದವರು ಅಂಥ ಚಿತ್ರದ ಮುಂದೆ ಒಂದು ಸಂಜೆ ಕೂತರೆ, ಅದು ಪರದೇಶದ ಕಥೆ ಅನ್ನಿಸಲಾರದು.

ಈ ಸೀಮೆಯ ಆಧಾರ ರಾಗಿ. ಮಣ್ಣಿನೊಳಗೆ ತೋಡಿದ ಹಗೇವಿನಲ್ಲಿ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾದು ಇಳಿಯಬೇಕಿತ್ತು. ಒಂದು ವರ್ಷ ಮಳೆ ಕೈಕೊಟ್ಟರೆ ಹಗೇವು ಕಾಪಾಡುತ್ತಿತ್ತು. ಆದರೆ ಧಾತು, ಈಶ್ವರ ಸಂವತ್ಸರಗಳು, ಅಂದರೆ 1876ರಿಂದ 78ರವರೆಗಿನ ಬರ, ಆ ಲೆಕ್ಕವನ್ನೇ ಮೀರಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50.6 ಲಕ್ಷ ಜನರಿದ್ದರು. 1881ರಲ್ಲಿ ಉಳಿದಿದ್ದು ಸುಮಾರು 41.9 ಲಕ್ಷ.

ಎರಡೂ ಬರಗಳ ಹಿಂದೆ ಒಂದೇ ಬ್ರಿಟಿಷ್ ಸಾಮ್ರಾಜ್ಯ, ಒಂದೇ ಬಗೆಯ ಯೋಚನೆ. ಧಾನ್ಯದ ವ್ಯಾಪಾರಕ್ಕೆ ಸರ್ಕಾರ ಕೈಹಾಕಬಾರದು, ಹಸಿದವರಿಗೆ ಪುಕ್ಕಟೆ ಕೊಟ್ಟರೆ ಸೋಮಾರಿಗಳಾಗುತ್ತಾರೆ ಎಂಬ ನಂಬಿಕೆ. ಐರ್ಲೆಂಡಿನ ಪರಿಹಾರದ ಹೊಣೆ ಹೊತ್ತಿದ್ದ ಚಾರ್ಲ್ಸ್ ಟ್ರೆವೆಲಿಯನ್ 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದ. 1877ರಲ್ಲಿ ದಕ್ಷಿಣದ ಬರ ನೋಡಲು ಬಂದ ಅಧಿಕಾರಿ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಎಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯದ ಬೆಲೆ ಮತ್ತು ಒಂದು ಆಣೆಗೆ ಇಳಿಸಿದ.

ಆ ಹಸಿದ ಕೈಗಳ ಗುರುತು ಇನ್ನೂ ಇದೆ. ಬೆಂಗಳೂರು–ಮೈಸೂರು ರೈಲುದಾರಿ ಶುರುವಾದದ್ದು ಬರ ಪರಿಹಾರದ ಕೆಲಸವಾಗಿ. 1882ರಲ್ಲಿ ಅದು ಮೈಸೂರು ಮುಟ್ಟಿತು. ಶ್ರೀರಂಗಪಟ್ಟಣ, ಪಾಂಡವಪುರ ನಿಲ್ದಾಣಗಳಲ್ಲಿ ದಿನವೂ ಹತ್ತಿಳಿಯುವವರಲ್ಲಿ ಇದು ಎಷ್ಟು ಜನರಿಗೆ ಗೊತ್ತು?

ಆಮೇಲೆ ಕನ್ನಂಬಾಡಿ ಕಟ್ಟೆ ಬಂತು. ವಿಶ್ವೇಶ್ವರಯ್ಯ ನಾಲೆ ಹರಿದಲ್ಲಿ ಗದ್ದೆ, ಕಬ್ಬು ಬಂದವು. ನಾಗಮಂಗಲದ ಬಹುಪಾಲು, ಕೆ.ಆರ್.ಪೇಟೆಯ ಹಲವು ಊರುಗಳು ಮಾತ್ರ ಮಳೆಯನ್ನೇ ನೆಚ್ಚಿಕೊಂಡು ಉಳಿದವು. ಅಲ್ಲಿನವರು ಬಾಂಬೆ ದಾರಿ ಹಿಡಿದರು. ಹೋಟೆಲು, ಆಟೊ, ಸಣ್ಣಪುಟ್ಟ ವ್ಯಾಪಾರ ನೆಚ್ಚಿಕೊಂಡರು. 2020ರ ಮೇ ತಿಂಗಳಲ್ಲಿ ಕೊರೊನಾಕ್ಕೆ ಹೆದರಿ ಅವರು ಮರಳಿದಾಗಲೇ, ಊರು ಬಿಟ್ಟವರು ಎಷ್ಟು ಜನ ಎಂಬುದು ನಾಡಿನ ಕಣ್ಣಿಗೆ ಬಿದ್ದದ್ದು. ಹುಟ್ಟಿದೂರಿನಲ್ಲೇ ಕೆಲವರು ಅವರನ್ನು ಅನುಮಾನದಿಂದ ನೋಡಿದ್ದು ನೋವಿನ ಸಂಗತಿ.

ಐರ್ಲೆಂಡಿನವರು ತಮ್ಮ ಬರಕ್ಕೆ ಸ್ಟ್ರೋಕ್ಸ್‌ಟೌನ್‌ನಲ್ಲಿ ಮ್ಯೂಸಿಯಂ ಕಟ್ಟಿದ್ದಾರೆ. ನಮ್ಮ ಧಾತು ಬರದ ಮಾತು ಈಗ ಉಳಿದಿರುವುದು ಅಜ್ಜಿಯರ ಬಾಯಲ್ಲಿ. ಮನೆಯಲ್ಲಿ ಹಗೇವು ಕಂಡವರು, ಬಾಂಬೆಗೆ ಮೊದಲು ಹೋದವರು ಇದ್ದರೆ, ಹಬ್ಬಕ್ಕೆ ಊರಿಗೆ ಹೋದಾಗ ಅವರ ಪಕ್ಕ ಕೂತು, ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ.