ಜ್ವರ ಬಿಟ್ಟರೂ ಬಿಡದ ಕೀಲುನೋವು

ಚಿಕೂನ್‌ಗುನ್ಯಾ ಬಂದು ಹೋಗಿ ಮೂರು ತಿಂಗಳಾಯ್ತು. ಜ್ವರ ನಾಲ್ಕೇ ದಿನಕ್ಕೆ ಇಳಿಯಿತು. ಆದರೆ ಬೆಳಿಗ್ಗೆ ಎದ್ದರೆ ಬೆರಳು ಮಡಚೋಕಾಗಲ್ಲ, ಹಿಟ್ಟು ಕಲಸೋಕಾಗಲ್ಲ, ಬಟ್ಟೆ ಹಿಂಡೋದಂತೂ ದೂರದ ಮಾತು. ‘ಆ ನೋವು ಹಾಗೇ ಕಣೇ, ವರ್ಷಗಟ್ಟಲೆ ಇರುತ್ತೆ’ ಅಂತ ಪಕ್ಕದ ಮನೆಯವರು ಸಮಾಧಾನ ಹೇಳ್ತಾರೆ. ನಿಮ್ಮ ಕಥೆಯೂ ಇದೇನಾ?

ಪಕ್ಕದ ಮನೆಯವರ ಮಾತು ಪೂರ್ತಿ ಸುಳ್ಳಲ್ಲ. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿಗೆ ಚಿಕೂನ್‌ಗುನ್ಯಾ ಬಂದಿರುವ ಶಂಕೆ ದಾಖಲಾಗಿತ್ತು. ಆಗ ತಿಂಗಳುಗಟ್ಟಲೆ ಗೋಡೆ ಹಿಡಿದು ನಡೆದವರನ್ನು ನೀವೂ ನೋಡಿರಬಹುದು. ಹೆಚ್ಚಿನವರಿಗೆ ಈ ನೋವು ಕ್ರಮೇಣ ತಾನಾಗಿಯೇ ಇಳಿಯುತ್ತದೆ. ಆದರೆ ಕೆಲವರಲ್ಲಿ ನೋವಿನ ಬಣ್ಣವೇ ಬದಲಾಗುತ್ತದೆ. ವೈರಸ್ ವಿರುದ್ಧ ಎಚ್ಚೆತ್ತ ದೇಹದ ರಕ್ಷಣಾ ವ್ಯವಸ್ಥೆ ಕಳ್ಳ ಓಡಿಹೋದ ಮೇಲೂ ಸುಮ್ಮನಾಗದೆ ಮನೆಯವರ ಮೇಲೇ ಕೈ ಮಾಡುತ್ತದೆ. ಕೀಲಿನ ಒಳಪದರ ಊದಿಕೊಳ್ಳುತ್ತದೆ. ಇದೇ ಆಟೋಇಮ್ಯೂನ್ ಕೀಲುಬೇನೆ. ಇದರಲ್ಲಿ ನಾವು ಹೆಚ್ಚಾಗಿ ಕೇಳಿರುವ ಹೆಸರು ರುಮಟಾಯ್ಡ್ ಆರ್ಥ್ರೈಟಿಸ್. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು–ಮೂರು ಪಟ್ಟು ಹೆಚ್ಚು.

ಹಾಗಂತ ಸೋಂಕು ಬಂದವರಿಗೆಲ್ಲ ಇದು ಬರುತ್ತೆ ಅಂತ ಗಾಬರಿಯಾಗಬೇಡಿ. ವಂಶವಾಹಿಯಲ್ಲಿ ಆ ಗುಣ ಇರಬೇಕು. ಬೀಡಿ, ಸಿಗರೇಟಿನ ಹೊಗೆಯೂ ಅಪಾಯ ಹೆಚ್ಚಿಸುತ್ತದೆ. ನಾವ್ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಇನ್ನೊಂದು ಸೋಂಕೂ ಇದೆ, ಅದು ವಸಡಿನದು. ವಸಡಿನಲ್ಲಿ ಬೀಡುಬಿಡುವ ಪಾರ್ಫೈರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾ ನಮ್ಮದೇ ಪ್ರೋಟೀನುಗಳ ರೂಪ ಬದಲಿಸಬಲ್ಲದು. ಹಾಗೆ ಬದಲಾದ ಪ್ರೋಟೀನನ್ನು ದೇಹ ಪರಕೀಯ ಎಂದು ತಿಳಿದು ಪ್ರತಿಕಾಯ ತಯಾರಿಸುತ್ತದೆ ಎಂಬುದು ಸಂಶೋಧಕರ ಅನುಮಾನ. ‘ಆ್ಯಂಟಿ ಸಿಸಿಪಿ’ ರಕ್ತಪರೀಕ್ಷೆ ಹುಡುಕುವುದು ಇಂಥ ಪ್ರತಿಕಾಯಗಳನ್ನೇ. ಹಲ್ಲುಜ್ಜುವಾಗ ದಿನಾ ರಕ್ತ ಬರುತ್ತಿದ್ದರೆ ದಂತವೈದ್ಯರ ಹತ್ತಿರ ಹೋಗಿ ಬನ್ನಿ, ಕೀಲು ನೋಯದಿದ್ದರೂ!

ಭೇದಿ ಅಥವಾ ಮೂತ್ರನಾಳದ ಕೆಲವು ಸೋಂಕುಗಳಾದ ಒಂದರಿಂದ ನಾಲ್ಕು ವಾರದಲ್ಲಿ ಮಂಡಿ, ಹರಡು ಊದಿಕೊಂಡು ಕಣ್ಣು ಕೆಂಪಾದರೆ ಅದು ರಿಯಾಕ್ಟಿವ್ ಆರ್ಥ್ರೈಟಿಸ್ ಇರಬಹುದು. ಮಕ್ಕಳ ವಿಷಯದಲ್ಲಂತೂ ಉದಾಸೀನ ಬೇಡವೇ ಬೇಡ. ಗಂಟಲುನೋವು ಬಂದು ಎರಡು–ಮೂರು ವಾರಕ್ಕೆ ಒಂದು ಕೀಲಿನಿಂದ ಇನ್ನೊಂದಕ್ಕೆ ನೋವು ಓಡಾಡುತ್ತಿದ್ದರೆ ರುಮ್ಯಾಟಿಕ್ ಜ್ವರ ಇದೆಯೇ ಎಂದು ತೋರಿಸಿ. ಅದು ಹೃದಯದ ಕವಾಟವನ್ನೇ ಕೆಡಿಸಬಲ್ಲದು.

ಸರಿ, ನಿಮ್ಮ ಬೆರಳಿಗೆ ಬರೋಣ. ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಇರುತ್ತದೆಯೇ? ಬೆರಳಿನ ಬುಡ, ಮಣಿಕಟ್ಟು ಊದಿದೆಯೇ? ಎರಡೂ ಕೈಯಲ್ಲೂ ಇದೆಯೇ? ಆರು ವಾರ ದಾಟಿತೇ? ಹೌದಾದರೆ ‘ಚಿಕೂನ್‌ಗುನ್ಯಾದ್ದೇ ಇರಬೇಕು’ ಎಂದು ಕೂರದೆ ರುಮಟಾಲಜಿಸ್ಟ್ ಅವರನ್ನು ಕಾಣಿ. ಅವರು ಹತ್ತಿರದಲ್ಲಿಲ್ಲದಿದ್ದರೆ ಜಿಲ್ಲಾಸ್ಪತ್ರೆಯ ಫಿಜಿಷಿಯನ್ ಆದರೂ ಸರಿ. ಕಾಯಿಲೆ ರುಮಟಾಯ್ಡ್ ಆಗಿದ್ದರೆ ಮೊದಲ ಒಂದೆರಡು ವರ್ಷದಲ್ಲೇ ಮೂಳೆ ಸವೆಯಬಹುದು. ಸವೆದದ್ದು ವಾಪಸ್ ಬರುವುದಿಲ್ಲ. ರಕ್ತಪರೀಕ್ಷೆ ನೆಗೆಟಿವ್ ಬಂದರೂ ಕಾಯಿಲೆ ಇರಬಹುದು, ಹಾಗಾಗಿ ರಿಪೋರ್ಟ್ ನೀವೇ ಓದಿ ತೀರ್ಮಾನಿಸಬೇಡಿ.

‘ಒಂದೇ ಇಂಜೆಕ್ಷನ್‌ಗೆ ನೋವು ಮಾಯ’ ಎನ್ನುವವರ ಸೂಜಿಯಲ್ಲಿ, ಹೆಸರಿಲ್ಲದ ಪುಡಿಯಲ್ಲಿ ಹೆಚ್ಚಾಗಿ ಇರುವುದು ಸ್ಟೀರಾಯ್ಡ್. ನೋವು ಅಡಗುತ್ತದೆ, ಕಾಯಿಲೆ ಒಳಗೇ ಉಳಿಯುತ್ತದೆ. ಮೇಲೆ ಸಕ್ಕರೆ, ಬಿ.ಪಿ. ಏರುತ್ತದೆ.

ವೈದ್ಯರು ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ಒಂದು ಮಾತು ನೆನಪಿರಲಿ. ಅದನ್ನು ನುಂಗುವುದು ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ಗುರುತು ಹಾಕಿಕೊಳ್ಳಿ. ಗರ್ಭಿಣಿಯರು ಇದನ್ನು ಮುಟ್ಟುವಂತಿಲ್ಲ. ಮಗು ಬೇಕು ಎಂದುಕೊಂಡಿರುವವರು ಕೆಲವು ತಿಂಗಳು ಮೊದಲೇ ವೈದ್ಯರಿಗೆ ತಿಳಿಸಿ ಬೇರೆ ಔಷಧಿಗೆ ಬದಲಾಯಿಸಿಕೊಳ್ಳಿ. ಇದನ್ನು ಹೇಳಲು ಸಂಕೋಚವಾದರೆ ಗಂಡನನ್ನೂ ಜೊತೆಗೆ ಕರೆದುಕೊಂಡು ಹೋಗಿ.